ಅಗ್ಗದ ಗಿಟಾರ್, ಎತ್ತರದ ತಂತಿ

ಹೋದ ಬೇಸಿಗೆಯಲ್ಲಿ ದಾಂಡೇಲಿಯಿಂದ ತಾಯಿ-ಮಗಳು ನನ್ನ ಅಂಗಡಿಗೆ ಬಂದಿದ್ದರು. ಹುಡುಗಿ ಆಗಷ್ಟೇ ಹತ್ತನೇ ಕ್ಲಾಸು ಮುಗಿಸಿದ್ದಳು. ತಾಯಿ ಅವಳ ಎಡಗೈ ಹಿಡಿದು ನನ್ನ ಮುಂದೆ ಚಾಚಿದರು.

"ಸರ, ಈಕೀ ಬೆರಳ ನೋಡ್ರಿ. ಮೂರ ತಿಂಗಳಾತು, ಎಫ್ ಕಾರ್ಡ್ ಬರವಲ್ದು ಅಂತ ಅಳತಾಳ. ನಮ್ಮ ಮನ್ಯಾಗ ಯಾರಿಗೂ ಸಂಗೀತ ಇಲ್ರಿ. ಇದನ್ನ ಮಾರಿಬಿಡೋಣ ಅಂತ ತಂದೇವಿ."

ಗಿಟಾರ್‌ನಲ್ಲಿ ಕಾರ್ಡ್ ಅಂದರೆ ಹಲವು ತಂತಿ ಒಟ್ಟಿಗೆ ಮೀಟಿ ನುಡಿಸುವ ಸ್ವರಗುಚ್ಛ. ಹುಡುಗಿಯ ನಾಲ್ಕೂ ಬೆರಳ ತುದಿಯಲ್ಲಿ ತಂತಿಯ ಗೆರೆ ಆಳವಾಗಿ ಕೂತಿತ್ತು. ತೋರುಬೆರಳಲ್ಲಿ ನೀರುಗುಳ್ಳೆ. ನಾನು ಗಿಟಾರ್ ತೆಗೆದುಕೊಂಡು ತಿರುಗಿಸಿ ನೋಡಿದೆ. ಆರು ಸಾವಿರದೊಳಗಿನ ಮಾಲು. ನೆಕ್, ಅಂದರೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುವ ಉದ್ದನೆಯ ಕತ್ತು, ನೇರ ಇತ್ತು. ಅಂಟು ಎಲ್ಲೂ ಬಿಟ್ಟಿರಲಿಲ್ಲ. ಡ್ರಾಯರ್‌ನಲ್ಲಿ ಅವಧಿ ಮುಗಿದ ಎಟಿಎಂ ಕಾರ್ಡ್‌ಗಳ ಒಂದು ಕಟ್ಟು ಇಟ್ಟುಕೊಂಡಿದ್ದೇನೆ. ಅದರಲ್ಲಿ ಐದನ್ನು ಒಂದರ ಮೇಲೊಂದು ಜೋಡಿಸಿ, 12ನೇ ಫ್ರೆಟ್ ಮೇಲೆ ದಪ್ಪ ತಂತಿಯ ಕೆಳಗೆ ತೂರಿಸಿದೆ. ಸರಾಗ ಒಳಗೆ ಹೋದವು.

ಎಟಿಎಂ ಕಾರ್ಡ್ ದಪ್ಪ 0.76 ಮಿ.ಮೀ. ಯಾವ ಬ್ಯಾಂಕಿನದಾದರೂ ಅಷ್ಟೇ. ಐದು ಅಂದರೆ 3.8 ಮಿ.ಮೀ. ಕಲಿಯುವವರ ಗಿಟಾರ್‌ನಲ್ಲಿ ಅಲ್ಲಿ ಇರಬೇಕಾದ್ದು ಸುಮಾರು 2.5. ಅಂದರೆ ಮೂರು ಕಾರ್ಡ್ ಹೋಗಿ ಕೂದಲೆಳೆ ಜಾಗ ಉಳಿಯಬೇಕು. ತೆಳು ತಂತಿಯ ಕೆಳಗೆ ಎರಡೂವರೆ ಕಾರ್ಡಿನಷ್ಟು ಜಾಗ ಸಾಕು. ನಿಮ್ಮ ಮನೆಯಲ್ಲಿ ಗಿಟಾರ್ ಇದ್ದರೆ ಈಗಲೇ ಅಳೆದು ನೋಡಿ. ಉಬ್ಬು ಅಕ್ಷರ ಇಲ್ಲದ ಚಪ್ಪಟೆ ಕಾರ್ಡ್ ಬಳಸಿ.

ತಂತಿ ಫ್ರೆಟ್‌ನಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ನಾವು ಆ್ಯಕ್ಷನ್ ಅನ್ನುತ್ತೇವೆ. ಹುಬ್ಬಳ್ಳಿಯಲ್ಲಿ ಹಗಲು ಗಿಟಾರ್ ರಿಪೇರಿ ಮಾಡಿ ಸಂಜೆ ಕಲಿಸುವ ನನಗೆ ಅತಿ ಹೆಚ್ಚು ಸಂಕಟ ಕೊಡುವ ಸಂಗತಿ ಇದೇ. ಗಿಟಾರ್ ಕಲಿಯುವುದನ್ನೇ ಕೈಬಿಟ್ಟವರಲ್ಲಿ ಎಷ್ಟೋ ಜನ ಸೋತದ್ದು ಈ ಒಂದೂವರೆ ಮಿಲಿಮೀಟರಿಗೆ. ತಮಗೆ ಸಂಗೀತ ಬರುವುದಿಲ್ಲ ಅಂತ ನಂಬಿಕೊಂಡು ಹೋಗುತ್ತಾರೆ. ಆ ನಂಬಿಕೆ ಜೀವನವಿಡೀ ಉಳಿದುಬಿಡುತ್ತದೆ.

ಕಂಪನಿಯವರು ಯಾಕೆ ಎತ್ತರ ಬಿಟ್ಟು ಕಳಿಸುತ್ತಾರೆ? ಕಾರಣ ಸರಳ. ತಂತಿ ತಗ್ಗಿಸುವುದು ಕೈಕೆಲಸ. ಒಂದೊಂದು ಗಿಟಾರ್‌ಗೂ ಬೇರೆ ಬೇರೆ ಅಳತೆ ಬೇಕು, ಸಮಯ ಬೇಕು. ಅಗ್ಗದ ಗಿಟಾರ್‌ನಲ್ಲಿ ಉಳಿತಾಯ ಆಗುವುದು ಅಲ್ಲೇ. ಜೊತೆಗೆ ತಂತಿ ಸ್ವಲ್ಪ ತಗ್ಗಾದರೂ ಫ್ರೆಟ್‌ಗೆ ತಾಗಿ ಝರ್ ಅನ್ನುವ ಭಯ. ಝರ್ ಅನ್ನುವ ಗಿಟಾರ್ ಅಂಗಡಿಗೆ ವಾಪಸ್ ಬರುತ್ತದೆ. ಬೆರಳು ನೋಯಿಸುವ ಗಿಟಾರ್ ವಾಪಸ್ ಬರುವುದಿಲ್ಲ, ಕೊಂಡವರು ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ.

ಸರಿಪಡಿಸುವ ಕೆಲಸ ಮೂರು ಕಡೆ ನಡೆಯುತ್ತದೆ. ಮೊದಲು ನೆಕ್. ದಪ್ಪ ತಂತಿಯನ್ನು 1ನೇ ಫ್ರೆಟ್‌ನಲ್ಲೂ 14ನೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಆಗ ತಂತಿಯೇ ನಿಮಗೆ ನೇರ ಪಟ್ಟಿ. 7ನೇ ಫ್ರೆಟ್ ಹತ್ತಿರ ವಿಸಿಟಿಂಗ್ ಕಾರ್ಡಿನಷ್ಟು ಸಂದು ಇದ್ದರೆ ನೆಕ್ ಚೆನ್ನಾಗಿದೆ. ಜಾಸ್ತಿ ಇದ್ದರೆ ನೆಕ್ ಒಳಗಿರುವ ಟ್ರಸ್ ರಾಡ್ ಎಂಬ ಲೋಹದ ಸಲಾಕೆಯನ್ನು ಆ್ಯಲನ್ ಕೀಯಿಂದ ಬಲಕ್ಕೆ ಕಾಲು ಸುತ್ತು ತಿರುಗಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಷ್ಟೇ. ಬಿಗಿ ಅನಿಸಿದರೆ ಅಲ್ಲೇ ನಿಲ್ಲಿಸಿ. ರಾಡ್ ಮುರಿದರೆ ಅಗ್ಗದ ಗಿಟಾರ್‌ಗೆ ಅದೇ ಕೊನೆ. ಇನ್ನೊಂದು ಮಾತು, ಈ ರಾಡ್ ಇರುವುದು ನೆಕ್‌ನ ಬಾಗು ತಿದ್ದಲಿಕ್ಕೆ. ತಂತಿ ತಗ್ಗಿಸಲು ಅದನ್ನೇ ತಿರುಗಿಸುತ್ತಾ ಕೂರಬೇಡಿ. ವಿಡಿಯೋ ನೋಡಿ ಹಾಗೆ ಮಾಡಿಕೊಂಡು ಬಂದವರು ತಿಂಗಳಿಗೆ ಒಬ್ಬರಾದರೂ ಇರುತ್ತಾರೆ.

ಎರಡನೆಯದು ಸ್ಯಾಡಲ್. ಬ್ರಿಡ್ಜ್, ಅಂದರೆ ಗಿಟಾರ್‌ನ ಹೊಟ್ಟೆಯ ಮೇಲೆ ತಂತಿಗಳ ತುದಿ ಸಿಕ್ಕಿಸುವ ಮರದ ತುಂಡಿನ ಮೇಲೆ ತಂತಿಗಳು ಹಾದು ಹೋಗುವ ಬಿಳಿ ಪಟ್ಟಿ ಇದೆಯಲ್ಲ, ಅದು. ಈ ಕೆಲಸ ಮನೆಯಲ್ಲೂ ಆಗುತ್ತದೆ. ತಂತಿ ಸಡಿಲಿಸಿ ಅದನ್ನು ಹೊರಗೆ ತೆಗೆಯಿರಿ. ಯಾವ ಕಡೆ ದಪ್ಪ ತಂತಿಯದು ಅಂತ ಪೆನ್ಸಿಲ್‌ನಿಂದ ಗುರುತು ಹಾಕಿ. ಗಾಜಿನ ಮೇಲೆ 120 ನಂಬರಿನ ಉಪ್ಪುಕಾಗದ ಅಂಟಿಸಿ, ಪಟ್ಟಿಯ ತಳವನ್ನು ನೆಟ್ಟಗೆ ಹಿಡಿದು ಉಜ್ಜಿ. ಮೇಲಿನ ಉಬ್ಬನ್ನು ಮುಟ್ಟಬೇಡಿ. 12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳಿಯಬೇಕಾದರೆ ಇಲ್ಲಿ ಒಂದು ಮಿ.ಮೀ. ಸವೆಸಬೇಕು. ಯಾಕೆಂದರೆ 12ನೇ ಫ್ರೆಟ್ ತಂತಿಯ ನಟ್ಟನಡುವೆ ಇದೆ. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಒಂದು ಅಡಿ ಇಳಿಸಿದರೆ ನಡುಭಾಗ ಅರ್ಧ ಅಡಿ ಇಳಿಯುತ್ತದೆ ಅಲ್ವಾ, ಅದೇ ಲೆಕ್ಕ. ತಳ ಓರೆಯಾದರೆ ದನಿ ಕುಗ್ಗುತ್ತದೆ. ಅದಕ್ಕೇ ಹತ್ತು ಸಲ ಉಜ್ಜಿದರೆ ಒಂದು ಸಲ ಬೆಳಕಿಗೆ ಹಿಡಿದು ನೋಡಿ.

ಮೂರನೆಯದು ನಟ್, ಅಂದರೆ ತಲೆಯ ಕಡೆ ಇರುವ ಪಟ್ಟಿ. ಎಫ್ ಕಾರ್ಡ್‌ನಲ್ಲಿ ಕಣ್ಣೀರು ತರಿಸುವುದು ಇದು. ತಂತಿಯನ್ನು 2ನೇ ಮತ್ತು 3ನೇ ಫ್ರೆಟ್ ನಡುವೆ ಒತ್ತಿ ಹಿಡಿದು 1ನೇ ಫ್ರೆಟ್ ಮೇಲೆ ನೋಡಿ. ತೆಳು ಕಾಗದದಷ್ಟು ಸಂದು ಇರಬೇಕು. ಅಲ್ಲಿ ಜಾಸ್ತಿ ಜಾಗ ಇದ್ದರೆ 1ನೇ ಫ್ರೆಟ್‌ನಲ್ಲಿ ಒತ್ತುವಾಗ ಬೆರಳಿಂದ ಕಬ್ಬಿಣ ಬಗ್ಗಿಸಿದ ಹಾಗಾಗುತ್ತದೆ. ನಟ್‌ನಲ್ಲಿ ತಂತಿ ಕೂರುವ ಸೀಳನ್ನು ಆಳ ಮಾಡಲು ತಂತಿಯ ದಪ್ಪಕ್ಕೆ ಹೊಂದುವ ಸಣ್ಣ ಅರಗಳು ಬೇಕು. ಇದನ್ನು ಮಾತ್ರ ತಿಳಿದವರ ಕೈಗೆ ಕೊಡಿ. ಎರಡು ಎಳೆತ ಜಾಸ್ತಿಯಾದರೆ ಬರೀ ತಂತಿ ಮೀಟಿದರೂ ಝರ್ ಅನ್ನುತ್ತದೆ.

ದಾಂಡೇಲಿಯ ಗಿಟಾರ್‌ಗೆ ಸ್ಯಾಡಲ್‌ನಲ್ಲಿ ಎರಡು ಮಿ.ಮೀ. ತೆಗೆದೆ, ನಟ್‌ನಲ್ಲಿ ಅರ್ಧ. ಹೊಸ ತಂತಿ ಹಾಕಿದೆ. 12 ಗೇಜ್ ಇದ್ದದ್ದನ್ನು ಬಿಚ್ಚಿ 10 ಗೇಜ್ ಹಾಕಿದೆ. ಗೇಜ್ ಅಂದರೆ ಅತಿ ತೆಳು ತಂತಿಯ ದಪ್ಪ, ಇಂಚಿನ ಸಾವಿರ ಭಾಗದ ಲೆಕ್ಕದಲ್ಲಿ. 12ರ ಸೆಟ್ಟು ಶ್ರುತಿಗೆ ಬಂದಾಗ ಆರೂ ತಂತಿ ಸೇರಿ ಸುಮಾರು 70 ಕೆಜಿ ಎಳೆತ ಇರುತ್ತದೆ. 10ರದ್ದು ಸುಮಾರು 60. ದನಿ ಸ್ವಲ್ಪ ತೆಳ್ಳಗಾಗುತ್ತದೆ, ನಿಜ. ಆದರೆ ಮೊದಲ ವರ್ಷ ಬೆರಳು ಉಳಿದರೆ ಎರಡನೇ ವರ್ಷ ದನಿಯ ಯೋಚನೆ ಮಾಡಬಹುದು. ಎರಡು ಗಂಟೆ ಕೆಲಸ ಅಷ್ಟೇ. ಹುಡುಗಿ ಅಲ್ಲೇ ಸ್ಟೂಲ್ ಮೇಲೆ ಕೂತು ಎಫ್ ಹಿಡಿದಳು. ಆರರಲ್ಲಿ ಐದು ತಂತಿ ನುಡಿದವು. ಅವಳು ಮೊದಲು ನೋಡಿದ್ದು ತಾಯಿಯ ಮುಖ.

ತಂತಿಯ ಎಳೆತದ ವಿಷಯ ಬಂದಿದ್ದಕ್ಕೆ ಒಂದು ಎಚ್ಚರಿಕೆ. ನನ್ನ ಮೊದಲ ಗಿಟಾರ್ ನೈಲಾನ್ ತಂತಿಯದು. ತಂತಿ ಕಡಿದಾಗ ಅಂಗಡಿಯವರೊಬ್ಬರು ಸ್ಟೀಲ್ ತಂತಿ ಹಾಕಿಕೊಟ್ಟರು. ಮೂರನೇ ರಾತ್ರಿ ಎಲ್ಲರೂ ಮಲಗಿದ್ದಾಗ ಢಬ್ ಅಂತ ಸದ್ದಾಯಿತು. ದೀಪ ಹಾಕಿ ನೋಡಿದರೆ ಬ್ರಿಡ್ಜ್ ಮೇಲ್ಹಲಗೆಯ ಸಿಪ್ಪೆ ಸಮೇತ ಕಿತ್ತು ತಂತಿಗೆ ಜೋತಾಡುತ್ತಿತ್ತು. ನೈಲಾನ್ ಗಿಟಾರ್ ಕಟ್ಟಿರುವುದು ಸುಮಾರು 40 ಕೆಜಿ ಎಳೆತಕ್ಕೆ. ಅದಕ್ಕೆ ಸ್ಟೀಲ್ ಹಾಕಬಾರದು. ಆ ಬ್ರಿಡ್ಜ್ ಅಂಟಿಸಲು ಹೋಗಿಯೇ ನಾನು ಈ ಕೆಲಸಕ್ಕೆ ಬಿದ್ದೆ.

ಕೊಳ್ಳುವಾಗ ಏನು ನೋಡಬೇಕು ಅಂತ ಪೋಷಕರು ಕೇಳುತ್ತಾರೆ. ಹೆಚ್ಚಿನವರ ಪ್ರಶ್ನೆ ಮರದ್ದು. "ಇದು ರೋಸ್‌ವುಡ್ ಏನ್ರಿ?" ರೋಸ್‌ವುಡ್ ಅಂದರೆ ನಮ್ಮ ಬೀಟೆ. ಕೊಡಗು, ಹಾಸನ, ಚಿಕ್ಕಮಗಳೂರು ಕಡೆಯ ಕಾಡಿನ ಮರ. ಗಿಟಾರ್ ಲೋಕದಲ್ಲಿ ಅದಕ್ಕೆ ದೊಡ್ಡ ಹೆಸರು. ಮೊದಲು ಬ್ರೆಜಿಲ್‌ನ ರೋಸ್‌ವುಡ್‌ಗೆ ಆ ಜಾಗ ಇತ್ತು. ಅಲ್ಲಿಂದ ದಿಮ್ಮಿ ಸಿಗುವುದು ಕಷ್ಟವಾದಾಗ 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ನಮ್ಮ ಬೀಟೆಗೆ ಬಂತು. ಬೀಟೆಯ ಇಡೀ ಕುಲವನ್ನು 2017ರ ಜನವರಿಯಲ್ಲಿ ಸೈಟಿಸ್, ಅಂದರೆ ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ಅಂತಾರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಕಟ್ಟುಪಾಡಿಗೆ ತಂದರು. ಆಗ ಅಗ್ಗದ ಗಿಟಾರ್ ಮಾಡುವವರು ಎಷ್ಟೋ ಜನ ಬೇರೆ ಮರಕ್ಕೆ ಹೋದರು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಈಗ ಫ್ರೆಟ್ ಹಲಗೆ ಬೀಟೆಯದಾಗಿರಬಹುದು, ಆಗದೆಯೂ ಇರಬಹುದು. ಎರಡೂ ನಡೆಯುತ್ತದೆ. ಅಗ್ಗದ ಗಿಟಾರ್‌ನ ಬೆನ್ನಿಗೆ ರೋಸ್‌ವುಡ್ ಅಂತ ಬರೆದಿದ್ದರೆ, ಹೆಚ್ಚಿನ ಸಲ ಅದು ಪ್ಲೈ ಮೇಲಿನ ಕಾಗದದಂಥ ತೆಳು ಪದರ. ಆ ಹೆಸರಿಗೆ ಎರಡು ಸಾವಿರ ಜಾಸ್ತಿ ಕೊಡಬೇಡಿ.

ಮೇಲ್ಹಲಗೆಯ ವಿಷಯ ಬೇರೆ. ಅಲ್ಲಿ ಎರಡು ಬಗೆ. ಸ್ಪ್ರೂಸ್ ಎಂಬ ಮರದ ಒಂದೇ ಗಟ್ಟಿ ಹಲಗೆ, ಇಲ್ಲವೇ ಪದರ ಪದರವಾಗಿ ಅಂಟಿಸಿದ ಪ್ಲೈ. ಗಟ್ಟಿ ಹಲಗೆಯ ದನಿ ಚೆನ್ನ. ವರ್ಷ ಕಳೆದಂತೆ ಇನ್ನೂ ತೆರೆದುಕೊಳ್ಳುತ್ತದೆ. ಆದರೆ ಅದು ಹವೆಗೆ ಬೇಗ ಬಗ್ಗುತ್ತದೆ. ವಿಜಯಪುರದಿಂದ, ರಾಯಚೂರಿನಿಂದ ಬೇಸಿಗೆಯಲ್ಲಿ ಬರುವ ಗಿಟಾರ್‌ಗಳಲ್ಲಿ ಹಲಗೆ ಒಣಗಿ ಬ್ರಿಡ್ಜ್ ಪಕ್ಕದಲ್ಲೇ ಬಿರುಕು ಬಿಟ್ಟಿರುತ್ತದೆ. ನೆಕ್ ಒಣಗಿ ಕುಗ್ಗಿ, ಫ್ರೆಟ್‌ನ ತುದಿಗಳು ಹೊರಗೆ ಚಾಚಿ ಅಂಗೈ ಗೀರುತ್ತವೆ. ಕಾರವಾರದಿಂದ ಮಳೆಗಾಲದಲ್ಲಿ ಬರುವುದು ಹಲಗೆ ಉಬ್ಬಿ ತಂತಿ ಎದ್ದ ಗಿಟಾರ್. ಗಿಟಾರ್‌ಗೆ ಹಿತವಾದದ್ದು ಗಾಳಿಯಲ್ಲಿ ಶೇಕಡಾ 45ರಿಂದ 55ರಷ್ಟು ತೇವಾಂಶ. ನಮ್ಮ ಮನೆಗಳಲ್ಲಿ ಅದು ವರ್ಷವಿಡೀ ಎಲ್ಲಿರುತ್ತದೆ? ಅದಕ್ಕೇ ನಾನು ಹೇಳುವುದು, ಮೊದಲ ಗಿಟಾರ್ ಪ್ಲೈ ಇರಲಿ. ಪ್ಲೈ ಅಂದರೆ ಕೀಳು ಅಂತ ಅಂದುಕೊಳ್ಳಬೇಡಿ. ಉತ್ತರ ಕರ್ನಾಟಕದ ಬಿಸಿಲಿಗೂ ಕರಾವಳಿಯ ತೇವಕ್ಕೂ ಅದು ಅಷ್ಟು ಬೇಗ ಜಗ್ಗುವುದಿಲ್ಲ.

ಅಂಗಡಿಯಲ್ಲಿ ಬ್ರಿಡ್ಜ್ ಹತ್ತಿರ ಬಗ್ಗಿ ನೋಡಿ. ಸ್ಯಾಡಲ್ ಮರದಿಂದ ಮೇಲಕ್ಕೆ 3 ಮಿ.ಮೀ. ಆದರೂ ಕಾಣಬೇಕು. ಆಗ ಮುಂದೆ ಸವೆಸಲು ಜಾಗ ಇರುತ್ತದೆ. ಈಗಲೇ ತಂತಿ ಎತ್ತರ, ಸ್ಯಾಡಲ್ ಮಾತ್ರ ಮರಕ್ಕೆ ಅಂಟಿಕೊಂಡ ಹಾಗೆ ತಗ್ಗು ಅಂತಾದರೆ ನೆಕ್ ಕೂರಿಸಿದ ಕೋನವೇ ತಪ್ಪಿದೆ. ಅದನ್ನು ಸರಿಮಾಡಲು ಗಿಟಾರ್ ಬೆಲೆಗಿಂತ ಜಾಸ್ತಿ ಖರ್ಚು. ಬಿಟ್ಟುಬಿಡಿ. ಅಳತೆ ನೋಡಿ ಕೊಳ್ಳಿ. 41 ಇಂಚಿನದು ದೊಡ್ಡ ದನಿ ಕೊಡುತ್ತದೆ, ಆದರೆ ಸಣ್ಣ ಮೈಯವರಿಗೆ ಬಲಭುಜ ಎದ್ದು ನೋವು ಬರುತ್ತದೆ. ಅವರಿಗೆ 38 ಇಂಚಿನದು ಸಾಕು. ಬಜೆಟ್ ಏಳು ಸಾವಿರ ಇದ್ದರೆ ಆರು ಸಾವಿರದ ಗಿಟಾರ್ ತೊಗೊಂಡು, ಉಳಿದದ್ದನ್ನು ಸೆಟಪ್‌ಗೂ, ಅಂದರೆ ಮೇಲೆ ಹೇಳಿದ ಸರಿಪಡಿಸುವ ಕೆಲಸಕ್ಕೂ, ತಂತಿಗೂ ಇಟ್ಟುಕೊಳ್ಳಿ.

ಶ್ರುತಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಧಾರವಾಡದ ಕಡೆಯಿಂದ ಬರುವ ನನ್ನ ಶಿಷ್ಯರಲ್ಲಿ ಕೆಲವರು ಚಿಕ್ಕಂದಿನಿಂದ ತಂಬೂರಿ ಕೇಳಿದವರು. ಅವರ ಕಿವಿ ತುಂಬಾ ಸೂಕ್ಷ್ಮ. "ಸರ, ಜಿ ಕಾರ್ಡಿನ್ಯಾಗ ಗಾಂಧಾರ ಏರೇದ" ಅನ್ನುತ್ತಾರೆ. ಅವರು ಕೇಳಿಸಿಕೊಂಡದ್ದು ಸರಿ. ಗಿಟಾರ್‌ನ ಫ್ರೆಟ್‌ಗಳನ್ನು ಸಪ್ತಕದ ಹನ್ನೆರಡೂ ಸ್ವರಗಳ ನಡುವೆ ಸಮ ಅಂತರ ಬರುವ ಹಾಗೆ ಕೂರಿಸಿದ್ದಾರೆ. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರಕ್ಕಿಂತ ಈ ಗಾಂಧಾರ ಅರ್ಧ ಸ್ವರದ ಏಳನೇ ಒಂದು ಪಾಲಿನಷ್ಟು ಮೇಲಿದೆ. ಲಕ್ಷ ರೂಪಾಯಿಯ ಗಿಟಾರ್‌ನಲ್ಲೂ ಹಾಗೇ. ಒಂದು ಕಾರ್ಡ್‌ಗೆ ಇಂಪಾಗಲಿ ಅಂತ ತಂತಿ ಇಳಿಸಿದರೆ ಇನ್ನೊಂದು ಕಾರ್ಡ್ ಕೆಡುತ್ತದೆ. ಶ್ರುತಿ ತೋರಿಸುವ ಟ್ಯೂನರ್ ಹೇಳಿದಲ್ಲೇ ಬಿಡಿ.

ಆದರೆ ನಿಜವಾದ ದೋಷ ಬೇರೆ ಇರಬಹುದು. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಬರಬೇಕು. ಒತ್ತಿದ್ದು ಏರಿದ್ದರೆ ಮೊದಲು ಎತ್ತರ ನೋಡಿ. ಎತ್ತರದ ತಂತಿಯನ್ನು ಕೆಳಗೆ ತಳ್ಳುವಾಗ ಅದು ಹಿಗ್ಗಿ ಶ್ರುತಿ ಏರುತ್ತದೆ. ಬೆರಳಿನ ನೋವಿಗೂ ಬೇಸೂರಿಗೂ ಎಷ್ಟೋ ಸಲ ಒಂದೇ ಮೂಲ.

ಮೊಬೈಲ್ ಟ್ಯೂನರ್ ಅಕ್ಷರ ಮಾತ್ರ ತೋರಿಸಿದರೆ ಜಾಗ್ರತೆ. ದಪ್ಪ ಇ ತಂತಿ 82 ಹರ್ಟ್ಜ್, ತೆಳು ಇ ತಂತಿ 330. ಅಕ್ಷರ ಎರಡಕ್ಕೂ ಒಂದೇ. ಸಡಿಲ ಬಿದ್ದ ತಂತಿಯನ್ನು ಗೊತ್ತಿಲ್ಲದೆ ಮೇಲಿನ ಸಪ್ತಕಕ್ಕೆ ಎಳೆಯಲು ಹೋಗಿ ಕಡಿದುಕೊಳ್ಳುವವರು ಬಹಳ. ತಂತಿ ಕೀ ಬಿಗಿಸುವಾಗ ಮುಖ ದೂರ ಇರಲಿ.

ನುಡಿಸಿದ ಮೇಲೆ ಹಳೇ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ. ಬೆವರಿನ ಉಪ್ಪು ಉಳಿದರೆ ತಂತಿ ತಿಂಗಳಲ್ಲೇ ತುಕ್ಕು ಹಿಡಿಯುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಿಟಾರ್ ಬಿಡಬೇಡಿ, ಬ್ರಿಡ್ಜ್‌ನ ಅಂಟು ಮೆತ್ತಗಾಗುತ್ತದೆ.

ಜುಲೈನಲ್ಲಿ ದಾಂಡೇಲಿಯಿಂದ ಫೋನ್ ಬಂತು. ಹುಡುಗಿಯೇ ಮಾತಾಡಿದಳು. "ಸರ, ತಂತಿ ಮತ್ತ ಎದ್ದಾವ್ರಿ. ಕಾರ್ಡ್ ಹಾಕಿ ನೋಡೀನಿ, ನಾಕ ಹೋಗಾಕತ್ತಾವ." ಅಲ್ಲಿ ಹದಿನೈದು ದಿನ ಬಿಡದೆ ಮಳೆ ಸುರಿದಿತ್ತು. ಪ್ಲೈ ಹಲಗೆಯಾದರೂ ಅಷ್ಟು ದಿನದ ತೇವಕ್ಕೆ ಸ್ವಲ್ಪ ಉಬ್ಬಿತ್ತು. ಗಿಟಾರ್ ತರುವುದು ಬೇಡ ಅಂದೆ. ಮೊದಲು ಹಾಕಿದ ಸ್ಯಾಡಲ್‌ನ ಅಳತೆ ನನ್ನ ಪುಸ್ತಕದಲ್ಲಿತ್ತು. ಎಲುಬಿನಲ್ಲಿ ಇನ್ನೊಂದು ಮಾಡಿದೆ, ಅದಕ್ಕಿಂತ ಒಂದು ಮಿ.ಮೀ. ತಗ್ಗಿನದು. ಸಣ್ಣ ಡಬ್ಬಿಯಲ್ಲಿ ಹಾಕಿ, ಮೇಲೆ "ಮಳೆಗಾಲ" ಅಂತ ಬರೆದು ದಾಂಡೇಲಿ ಬಸ್ಸಿಗೆ ಹೋಗುವವರ ಕೈಯಲ್ಲಿ ಕಳಿಸಿದೆ. ಹಳೆಯದನ್ನು ಎಸೆಯಬೇಡ, ದೀಪಾವಳಿ ಕಳೆದ ಮೇಲೆ ಕಾರ್ಡ್ ಹಾಕಿ ಅಳೆದು ಅದನ್ನೇ ವಾಪಸ್ ಕೂರಿಸು ಅಂತ ಹೇಳಿದ್ದೇನೆ.