ಮೆನಿಂಜೈಟಿಸ್ ವಾಸಿಯಾದ ಮೇಲೆ ಮಗುವಿಗೆ ಯಾವ ಪರೀಕ್ಷೆ?

ಪ್ರಶ್ನೆ: ನಮ್ಮ ಎರಡು ವರ್ಷದ ಮಗನಿಗೆ ಹೋದ ತಿಂಗಳು ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಆಗಿತ್ತು. ಈಗ ಹುಷಾರಾಗಿದ್ದಾನೆ. ಮೊದಲು ಎರಡು ಸಲ ನ್ಯುಮೋನಿಯಾ ಬಂದಿತ್ತು, ಕಿವಿಯೂ ಆಗಾಗ ಸೋರುತ್ತಿತ್ತು. ರೋಗನಿರೋಧಕ ಶಕ್ತಿಗೆ ಟಾನಿಕ್ ಕೊಡಬೇಕೆ?

ಉತ್ತರ: ಟಾನಿಕ್ ಬೇಡ, ಒಂದು ರಕ್ತಪರೀಕ್ಷೆ ಬೇಕು. ಬರೀ ಮೆನಿಂಜೈಟಿಸ್ ಮಾತ್ರ ಬಂದಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಗಟ್ಟಿಮುಟ್ಟಾದ ಮಕ್ಕಳಿಗೂ ಅದು ಬರುತ್ತದೆ. ಆದರೆ ಕಿವಿ, ಶ್ವಾಸಕೋಶ, ಈಗ ಮಿದುಳಿನ ಪೊರೆ ಎಂದು ಸೋಂಕು ಸಾಲಾಗಿ ಬಂದಾಗ ಸುಮ್ಮನಿರಬಾರದು.

ನ್ಯುಮೊಕಾಕಸ್, ಹಿಬ್ ಬ್ಯಾಕ್ಟೀರಿಯಾಗಳ ಮೈಮೇಲೆ ಸಕ್ಕರೆ ಅಂಶದ ಜಾರು ಹೊದಿಕೆ ಇರುತ್ತದೆ. ಬಿಳಿರಕ್ತಕಣ ಬರಿಗೈಲಿ ಅವನ್ನು ಹಿಡಿಯಲಾರದು. ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಅಂಟಿಕೊಂಡರೆ ಹಿಡಿ ಸಿಕ್ಕಂತೆ, ನುಂಗಿಬಿಡುತ್ತದೆ. ಪ್ರತಿಕಾಯವೇ ಇಲ್ಲದಿದ್ದರೆ ಬ್ಯಾಕ್ಟೀರಿಯಾಗಳು ರಕ್ತದಲ್ಲಿ ಬೆಳೆದು ಮಿದುಳಿನ ಪೊರೆಗೂ ತಲುಪಬಹುದು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಕೆಲವು ತಿಂಗಳು ಕಾಯುವುದರಿಂದ, ಕೊರತೆ ಹೊರಬೀಳುವುದು ಸಾಮಾನ್ಯವಾಗಿ ಆರು ತಿಂಗಳ ನಂತರ.

1952ರಲ್ಲಿ ಅಮೆರಿಕದ ಸೇನಾ ವೈದ್ಯ ಆಗ್ಡೆನ್ ಬ್ರೂಟನ್ ಇಂಥದೇ ಹುಡುಗನೊಬ್ಬನ ಕಥೆ ಪ್ರಕಟಿಸಿದರು. ಎಂಟು ವರ್ಷದ ಅವನಿಗೆ ನಾಲ್ಕು ವರ್ಷಗಳಲ್ಲಿ 19 ಸಲ ಸೆಪ್ಸಿಸ್ (ಮೈಯೆಲ್ಲ ಹರಡುವ ಗಂಭೀರ ಸೋಂಕು)! ರಕ್ತದಲ್ಲಿ ಗಾಮಾ ಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳಿರುವ ಪ್ರೋಟೀನ್ ಭಾಗ, ಇರಲೇ ಇಲ್ಲ. ಅದನ್ನೇ ಹೊರಗಿನಿಂದ ಚುಚ್ಚುಮದ್ದಾಗಿ ಕೊಟ್ಟ ಮೇಲೆ ಸೆಪ್ಸಿಸ್ ನಿಂತಿತು. ಪ್ರತಿಕಾಯ ತಯಾರಿಸುವ ಬಿ ಕಣಗಳು ಬೆಳೆಯಲು ಬೇಕಾದ ಬಿಟಿಕೆ ಎಂಬ ಜೀನ್‌ನ ದೋಷವೇ ಕಾರಣವೆಂದು ತಿಳಿದದ್ದು 1993ರಲ್ಲಿ. ಅದು ತಾಯಿಯ ಎಕ್ಸ್ ಕ್ರೋಮೋಸೋಮಿನಿಂದ ಬರುವುದರಿಂದ ಕಾಯಿಲೆ ಬಹುತೇಕ ಗಂಡುಮಕ್ಕಳಿಗೇ. ಹಾಗಾಗಿ ತವರಿನ ಕಡೆ ಎಳೆಯದರಲ್ಲೇ ತೀರಿಕೊಂಡ ಸೋದರಮಾವ ಯಾರಾದರೂ ಇದ್ದರೇ ಎಂದು ಮಗುವಿನ ಅಜ್ಜಿಯನ್ನು ಕೇಳಿ. ಇದಕ್ಕಾಗಿ ತಾಯಿಯನ್ನು ದೂರುವವರಿದ್ದರೆ ಕಿವಿಗೊಡಬೇಡಿ.

ರಕ್ತದಲ್ಲಿ ಐಜಿಜಿ, ಐಜಿಎ, ಐಜಿಎಂ ಎಂಬ ಮೂರು ಬಗೆಯ ಪ್ರತಿಕಾಯಗಳ ಪ್ರಮಾಣ ನೋಡಿಸಿ. ವರದಿಯನ್ನು ಮಗುವಿನ ವಯಸ್ಸಿಗೆ ತಕ್ಕ ಅಂಕಿಗಳ ಜೊತೆಗೇ ಹೋಲಿಸಬೇಕು, ದೊಡ್ಡವರ ಅಂಕಿ ಇಲ್ಲಿ ಸಲ್ಲದು. ಕಡಿಮೆಯಿದ್ದರೆ ಬಿ ಕಣಗಳ ಎಣಿಕೆ. ಬಿ ಕಣಗಳು ತುಂಬಿರುವ ಟಾನ್ಸಿಲ್ ಕಾಣದಷ್ಟು ಚಿಕ್ಕದಾಗಿದ್ದರೆ ಅದೂ ಸುಳಿವೇ. ಎಲ್ಲ ಸರಿಯಿದ್ದರೆ ಗುಲ್ಮ (ಸ್ಪ್ಲೀನ್), ಕಾಂಪ್ಲಿಮೆಂಟ್ (ಸೋಂಕಿನ ವಿರುದ್ಧ ಕೆಲಸ ಮಾಡುವ ರಕ್ತದ ಪ್ರೋಟೀನ್‌ಗಳು), ಒಳಗಿವಿಯ ರಚನೆ ನೋಡುತ್ತಾರೆ.

ಕೊರತೆ ಖಚಿತವಾದರೆ ಮೂರು ನಾಲ್ಕು ವಾರಕ್ಕೊಮ್ಮೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯ, ಏರಿಸಬೇಕು. ದುಬಾರಿ, ಬಹುಪಾಲು ಜೀವನಪರ್ಯಂತ. ವರದಿ ಬರುವ ಮುನ್ನ ಪಲ್ಸ್ ಪೋಲಿಯೊ ದಿನ ಬಂದರೆ, ಹನಿ ಹಾಕಿಸುವ ಮೊದಲು ವೈದ್ಯರನ್ನು ಕೇಳಿ. ಅದು ಜೀವಂತ ವೈರಸ್‌ನ ಲಸಿಕೆ, ಪ್ರತಿಕಾಯವಿಲ್ಲದ ಮಗುವಿಗೆ ಅಪಾಯವಾಗಬಹುದು.