ನನ್ನ ಕಾಲಡಿ ಬ್ರೇಕ್ ಇಲ್ಲ

ಶಿವಮೊಗ್ಗದ ನಮ್ಮ ಡ್ರೈವಿಂಗ್ ಸ್ಕೂಲ್ ಗಾಡಿಯಲ್ಲಿ ಎಡಗಡೆ ಮ್ಯಾಟು ಒಂದೇ ಜಾಗದಲ್ಲಿ ಸವೆದು ತೂತಾಗಿದೆ. ನನ್ನ ಹಿಮ್ಮಡಿ ಕೂರುವ ಜಾಗ ಅದು. ಇದು ಮೂರನೇ ಗಾಡಿ, ಮೂರರಲ್ಲೂ ತೂತು ಅಲ್ಲೇ ಬಿದ್ದಿದೆ. ಸವಳಂಗ ರಸ್ತೆಯಲ್ಲಿ ಹಸು ಅಡ್ಡ ಬಂದಾಗ, ಗೋಪಿ ಸರ್ಕಲ್ಲಿನಲ್ಲಿ ಆಟೋ ನುಗ್ಗಿದಾಗ, ಕಲಿಯುವವರು ಎರಡೂ ಕೈ ಬಿಟ್ಟು "ಅಯ್ಯೋ" ಅಂದಾಗ ಗಾಡಿ ನಿಲ್ಲಿಸಿದ್ದು ಈ ಕಾಲು. ಕಲಿಸುವವನ ಕಡೆಗೂ ಬ್ರೇಕ್ ಇರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಯಾರು ಬರೆದರೋ, ಪುಣ್ಯಾತ್ಮರು.

ವರ್ಷಕ್ಕೆ ಏಳೆಂಟು ಸಲ ನಾನು ಇನ್ನೊಂದು ಕೆಲಸಕ್ಕೂ ಹೋಗುತ್ತೇನೆ. ಕೊಯಮತ್ತೂರಿನ ಕಾರಿ ಅನ್ನುವ ರೇಸ್ ಟ್ರ್ಯಾಕು, ಇಲ್ಲವೇ ಚೆನ್ನೈ ಹತ್ತಿರದ ಇರುಂಗಟ್ಟುಕೋಟೈ ಟ್ರ್ಯಾಕು. ಸ್ವಂತ ಕಾರು ತಂದವರ ಪಕ್ಕ ಕೂತು ವೇಗವಾಗಿ ಓಡಿಸುವುದನ್ನು ಕಲಿಸುವ ಕೆಲಸ. ನಮ್ಮ ಕಡೆಯವರೂ ಬರುತ್ತಾರೆ. ಅಡಿಕೆಗೆ ರೇಟು ಬಂದ ವರ್ಷ ಸ್ವಲ್ಪ ಜಾಸ್ತಿಯೇ. ಡಾಕ್ಟರು, ಮನೆಯಿಂದಲೇ ಕೆಲಸ ಮಾಡುವ ಸಾಗರದ ಸಾಫ್ಟ್‌ವೇರ್ ಹುಡುಗರು, ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಎಲ್ಲರೂ ಹೆಲ್ಮೆಟ್ ಹಾಕಿಕೊಳ್ಳುತ್ತಾ ಒಂದೇ ಮಾತು ಹೇಳುತ್ತಾರೆ. "ನೀವು ಪಕ್ಕದಲ್ಲಿ ಇರ್ತೀರಲ್ಲ ಮೇಷ್ಟ್ರೇ, ಏನೂ ಆಗಲ್ಲ ಬಿಡಿ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅವರ ತಪ್ಪು ಅಂತಲ್ಲ. ಪಕ್ಕದಲ್ಲಿ ಕೂತವನ ಹತ್ತಿರ ಬ್ರೇಕ್ ಇರುತ್ತದೆ ಅಂತ ಜನಕ್ಕೆ ಅಭ್ಯಾಸ ಮಾಡಿಸಿದ್ದೇ ನನ್ನಂಥವರು. ಆದರೆ ಅದು ನಿಮ್ಮ ಸ್ವಂತ ಕಾರು ಸ್ವಾಮಿ. ಎಡಗಡೆ ಇರುವುದು ಖಾಲಿ ಮ್ಯಾಟು. ಅಲ್ಲಿ ನಾನು ಎಷ್ಟು ಒತ್ತಿದರೂ ನನ್ನ ಕಾಲಿಗೇ ನೋವು.

ಇದನ್ನು ಹೇಳಿದರೆ "ಹೌದು ಹೌದು, ಗೊತ್ತು" ಅನ್ನುತ್ತಾರೆ. ಗೊತ್ತಿರುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ಗಂಟೆಗೆ 144 ಕಿಲೋಮೀಟರ್ ಅಂದರೆ ಸೆಕೆಂಡಿಗೆ 40 ಮೀಟರ್. ಲೆಕ್ಕಕ್ಕೆ ಸುಲಭ ಅಂತ ಆ ವೇಗ ತೆಗೆದುಕೊಂಡೆ. ನೇರ ದಾರಿಯ ಕೊನೆಗೆ ತಿರುವು ಬರುತ್ತಿದೆ, ನೀವು ಇನ್ನೂ ಆಕ್ಸಿಲರೇಟರ್ ಬಿಟ್ಟಿಲ್ಲ. ಅದು ನನಗೆ ಕಾಣಬೇಕು, ಬಾಯಿ ತೆರೆಯಬೇಕು, ಹೆಲ್ಮೆಟ್ಟಿನೊಳಗಿಂದ ಹೇಳಿದ ಮಾತು ಇಂಜಿನ್ನಿನ ಸದ್ದು ದಾಟಿ ನಿಮ್ಮ ಹೆಲ್ಮೆಟ್ಟಿನೊಳಗೆ ಹೋಗಬೇಕು, ನಿಮಗೆ ಅರ್ಥ ಆಗಬೇಕು, ಆಮೇಲೆ ಕಾಲು ಎದ್ದು ಇನ್ನೊಂದು ಪೆಡಲಿಗೆ ಬರಬೇಕು. ಎಲ್ಲ ಸೇರಿ ಹತ್ತಿರ ಹತ್ತಿರ ಎರಡು ಸೆಕೆಂಡು. ಅಷ್ಟರಲ್ಲಿ ಗಾಡಿ 80 ಮೀಟರ್ ಹೋಗಿರುತ್ತದೆ, ಬ್ರೇಕ್ ಲೈಟು ಇನ್ನೂ ಹತ್ತಿರುವುದಿಲ್ಲ. ಅಲ್ಲಿಂದ ಪೂರ್ತಿ ನಿಲ್ಲಿಸುವುದಕ್ಕೆ ಒಳ್ಳೇ ಟೈರು, ಒಣ ಡಾಂಬರು ಇದ್ದರೂ ಮತ್ತೆ 80–90 ಮೀಟರ್ ಬೇಕು. ಕಾರಿ ಟ್ರ್ಯಾಕು ಒಂದು ಸುತ್ತಿಗೆ ಇರುವುದೇ 2.1 ಕಿಲೋಮೀಟರ್. ನಮ್ಮ ಸೋಗಾನೆ ವಿಮಾನ ನಿಲ್ದಾಣದ ರನ್‌ವೇ ಅದಕ್ಕಿಂತ ಉದ್ದ, 3.2 ಕಿಲೋಮೀಟರ್. (ಇದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು "ಹಂಗಾದ್ರೆ ಅಲ್ಲೇ ಓಡಿಸೋಣ ಸಾರ್" ಅನ್ನುತ್ತಾರೆ. ಆಗಲ್ಲ.)

ಅಂದರೆ ಏನು? ಸ್ಕೂಲ್ ಗಾಡಿಯಲ್ಲಿ ನೀವು ತಪ್ಪು ಮಾಡಿದ ಮೇಲೆ ನಾನು ಸರಿ ಮಾಡಬಹುದು. ಟ್ರ್ಯಾಕಿನಲ್ಲಿ ತಪ್ಪು ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ನಾನು "ಬ್ರೇಕ್" ಅಂದಾಗ ನಿಮಗೆ ಯಾವ ಅಪಾಯವೂ ಕಾಣುವುದಿಲ್ಲ, ಕಾಣಲೂಬಾರದು. ಕಾಣುತ್ತಿದ್ದರೆ ನಾನು ತಡ ಮಾಡಿದ್ದೇನೆ ಅಂತಲೇ ಅರ್ಥ. ಆದ್ದರಿಂದ ಆ ಕ್ಷಣದಲ್ಲಿ "ಯಾಕೆ" ಅಂತ ಯೋಚಿಸಿದರೆ ಮುಗಿಯಿತು.

"ಸ್ಟೇರಿಂಗ್ ಹಿಡೀಬಹುದಲ್ವಾ?" ಹಿಡಿಯಬಹುದು, ಒಂದಿಷ್ಟು ಎಳೆಯಬಹುದು. ಗಾಬರಿಯಾದ ಮನುಷ್ಯ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ ಸ್ಟೇರಿಂಗನ್ನು ಪಕ್ಕದಿಂದ ಒಂದು ಕೈಯಲ್ಲಿ ತಿರುಗಿಸಿ ನೋಡಿ, ಗೊತ್ತಾಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದರೆ ಹಿಂದಿನ ಚಕ್ರ ಕಟ್ಟಿಕೊಂಡು ಗಾಡಿ ಬುಗುರಿ ಆಗುತ್ತದೆ. ಈಗಿನ ಕಾರುಗಳಲ್ಲಂತೂ ಅದು ಬರೀ ಒಂದು ಬಟನ್ನು. ಇಂಜಿನ್ ಆಫ್ ಮಾಡಿದರೆ ಪವರ್ ಸ್ಟೇರಿಂಗೂ ಹೋಯಿತು, ಸ್ವಲ್ಪ ಹೊತ್ತಿಗೆ ಬ್ರೇಕಿನ ಬಲವೂ ಹೋಯಿತು. ನನ್ನ ಹತ್ತಿರ ಉಳಿಯುವುದು ನಾಲಿಗೆ ಒಂದೇ.

ಆ ನಾಲಿಗೆಯದ್ದೂ ಒಂದು ಫಜೀತಿ. ನಮ್ಮ ಭಾಷೆಯಲ್ಲಿ ಮರ್ಯಾದೆ ಅಂದರೆ ಉದ್ದ ಮಾತು. "ಸ್ವಲ್ಪ ಬ್ರೇಕ್ ಹಾಕಿ ಸಾರ್" ಅಂತ ಹೇಳಿ ಮುಗಿಸುವಷ್ಟರಲ್ಲಿ ಸಾರ್ ಟ್ರ್ಯಾಕಿನ ಅಂಚಿಗೆ ಟೈರು ಪೇರಿಸಿ ಕಟ್ಟಿದ ಗೋಡೆಯಲ್ಲಿರುತ್ತಾರೆ. ಅದಕ್ಕೇ ಕಾರು ಹತ್ತುವ ಮೊದಲೇ ಕೈ ಮುಗಿದು ಹೇಳಿಬಿಡುತ್ತೇನೆ, ಒಳಗೆ ಹೋದ ಮೇಲೆ ನಿಮಗೂ ನನಗೂ ಏಕವಚನ, ಮೂರೇ ಮಾತು: ಬ್ರೇಕ್, ಬಿಡು, ಸಾಕು. "ಬಿಡು" ಅಂದರೆ ಆಕ್ಸಿಲರೇಟರಿನಿಂದ ಕಾಲು ಎತ್ತು ಅಂತ. ಬ್ಯಾಂಕ್ ಮ್ಯಾನೇಜರಿಗೆ ಮೊದಲ ಸುತ್ತಿನಲ್ಲಿ "ಬಿಡು" ಅಂದಾಗ ಅವರು ತಿರುಗಿ ನನ್ನ ಮುಖವನ್ನೇ ನೋಡಿದರು. 60ರ ವೇಗದಲ್ಲಿದ್ದೆವು, ಬಚಾವು.

ಎಲ್ಲರೂ ಬಚಾವಾಗುವುದಿಲ್ಲ. ತೀರ್ಥಹಳ್ಳಿ ಕಡೆಯ ಒಬ್ಬರು ತೋಟದವರು ಇದ್ದಾರೆ, ತುಂಬ ಒಳ್ಳೇ ಮನುಷ್ಯ, ಕೈ ಕೂಡ ಚೆನ್ನಾಗಿದೆ. ಘಾಟಿಯಲ್ಲಿ ಓಡಿಸಿ ಪಳಗಿದ ಕೈ, ಆಗುಂಬೆಯ 14 ಹೇರ್‌ಪಿನ್ ತಿರುವು ನಿದ್ದೆಯಲ್ಲೂ ಗೊತ್ತು. ಬೆಳಿಗ್ಗೆ ಎರಡು ಸೆಷನ್ ಅವರು ಓಡಿಸಿದ್ದು ನೋಡಿ ನನಗೇ ಖುಷಿ. ಊಟ ಆದ ಮೇಲಿನದ್ದು ಮೂರನೆಯದು. ಅಪಘಾತ ಬೆಳಿಗ್ಗೆ ಹೆದರಿಕೊಂಡು ಓಡಿಸುವಾಗ ಆಗುವುದಲ್ಲ, ನಾನು ನೋಡಿದ ಮಟ್ಟಿಗೆ ಹೆದರಿಕೆ ಹೋದ ಮೇಲೆ, ಹೊಟ್ಟೆ ತುಂಬಿ, ಟೈರು ಬಿಸಿಯಾಗಿ, "ಇನ್ನೊಂದೇ ಸುತ್ತು" ಅನ್ನುವಾಗ ಆಗುವುದು. ನಾನು "ಬ್ರೇಕ್" ಅಂದೆ. ಅವರು "ಹಾಂ?" ಅಂದರು.

ಅಷ್ಟೇ. ಆ "ಹಾಂ"ಗೆ 40 ಮೀಟರ್.

ಹುಲ್ಲು ದಾಟಿ, ಮಣ್ಣು ದಾಟಿ, ಟೈರು ಗೋಡೆಗೆ ಮುಂದಿನ ಎಡ ಮೂಲೆ ಕೊಟ್ಟು ನಿಂತೆವು. ಎಡ ಮೂಲೆ ಅಂದರೆ ನಾನು ಕೂತ ಮೂಲೆ. ಅವರಿಗೆ ಒಂದು ಗೀರೂ ಇಲ್ಲ. ನನಗೆ ಬೆಲ್ಟು ಕಚ್ಚಿ ಕುತ್ತಿಗೆಯ ಕೆಳಗಿನ ಮೂಳೆ ಬಿರುಕು ಬಿಟ್ಟಿತು, ಆರು ವಾರ ಜೋಳಿಗೆಯಲ್ಲಿ ಕೈ. ಗಾಡಿ ನಿಂತ ಮೇಲೆ ನೋಡಿಕೊಂಡರೆ ನನ್ನ ಬಲಗಾಲು ಮ್ಯಾಟನ್ನು ಒತ್ತಿಕೊಂಡೇ ಇತ್ತು.

ಇನ್ಶೂರೆನ್ಸ್ ಬರಲಿಲ್ಲ. ಬರುವುದೂ ಇಲ್ಲ. ನಾವು ಮಾಮೂಲಿಯಾಗಿ ಮಾಡಿಸುವ ಖಾಸಗಿ ಕಾರಿನ ಪಾಲಿಸಿಯಲ್ಲಿ ಸಂಘಟಿತ ರೇಸು, ವೇಗ ಪರೀಕ್ಷೆ ಇಂಥವನ್ನೆಲ್ಲ ಹೊರಗಿಟ್ಟಿರುತ್ತಾರೆ. ಕಲಿಕೆ ರೇಸು ಅಲ್ಲವಲ್ಲ ಅಂತ ವಾದ ಮಾಡಬಹುದು, ಮಾಡಿದವರಿದ್ದಾರೆ, ನಾನು ವಕೀಲನಲ್ಲ. ನಿಮ್ಮ ಪಾಲಿಸಿ ಹಾಳೆ ತೆಗೆದು ಒಮ್ಮೆ ಓದಿ, ಏಜೆಂಟರ ಬಾಯಿಮಾತು ನಂಬಬೇಡಿ. ಯಾರೋ ತೋಟದವರಿಗೆ "ಸತ್ಯಮಂಗಲದ ಹತ್ತಿರ ನಾಯಿ ಅಡ್ಡ ಬಂತು ಅಂತ ಬರೆಸಿ" ಅಂತ ಕಿವಿ ಊದಿದರು. ಅವರು ಬರೆಸಲಿಲ್ಲ. ಬಂಪರು, ರೇಡಿಯೇಟರು, ಬಾನೆಟ್ಟು, ಲೈಟು, ಆ ವರ್ಷದ ಕೊಯ್ಲಿನ ದುಡ್ಡಲ್ಲಿ ಒಳ್ಳೇ ಪಾಲು ವರ್ಕ್‌ಶಾಪಿಗೆ ಹೋಯಿತು. ಮೇಲಿಂದ ನನಗೆ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದರು. ಬೈಯಬೇಕು ಅಂತಿದ್ದವನು ಏನು ಬೈಯಲಿ?

ನನ್ನದು ಮೂಳೆಯಲ್ಲಿ ಹೋಯಿತು. ಶಾನ್ ಎಡ್ವರ್ಡ್ಸ್ ಅಂತ ಬ್ರಿಟಿಷ್ ರೇಸರ್ ಇದ್ದ. 2013ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ 24 ಗಂಟೆ ರೇಸ್ ಗೆದ್ದ ತಂಡದಲ್ಲಿದ್ದವನು, ಪೋರ್ಷೆ ಸೂಪರ್‌ಕಪ್‌ನಲ್ಲಿ ಆ ವರ್ಷ ಎಲ್ಲರಿಗಿಂತ ಮುಂದಿದ್ದವನು. ಅವನ ಅಪ್ಪ ಗೈ ಎಡ್ವರ್ಡ್ಸ್, 1976ರಲ್ಲಿ ಅದೇ ನ್ಯೂರ್‌ಬರ್ಗ್‌ರಿಂಗಿನಲ್ಲಿ ಬೆಂಕಿ ಹತ್ತಿದ ಕಾರಿನಿಂದ ಫಾರ್ಮುಲಾ ವನ್ ಚಾಂಪಿಯನ್ ನಿಕಿ ಲೌಡಾನನ್ನು ಎಳೆದು ತೆಗೆದ ಡ್ರೈವರುಗಳಲ್ಲಿ ಒಬ್ಬರು. ಅಂಥ ಮನೆಯ ಹುಡುಗ 2013ರ ಅಕ್ಟೋಬರ್ 15ರಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರೇಸ್‌ವೇಯಲ್ಲಿ ತೀರಿಕೊಂಡ. 26 ವರ್ಷ. ರೇಸಿನಲ್ಲಲ್ಲ. ಒಬ್ಬ ಹುಡುಗನಿಗೆ ಕಲಿಸುತ್ತಾ ಪಕ್ಕದ ಸೀಟಿನಲ್ಲಿ ಕೂತಿದ್ದ. ಅಷ್ಟು ಕೈಚಳಕ ಇದ್ದವನಿಗೂ ಆ ಸೀಟಿನಲ್ಲಿ ಏನೂ ಮಾಡಲಾಗಲಿಲ್ಲ ಅನ್ನುವುದು ನನ್ನ ತಲೆಯಿಂದ ಹೋಗಿಲ್ಲ.

ಮೂಳೆ ಕೂಡಿಕೊಂಡ ಮೇಲೆ ನಾನು ಕೆಲಸದ ರೀತಿ ಬದಲಾಯಿಸಿದೆ. ಮೊದಲ ಸೆಷನ್ ಮಾತ್ರ ಪಕ್ಕದಲ್ಲಿ ಕೂರುತ್ತೇನೆ, ಅದೂ ನಿಧಾನಕ್ಕೆ. ನೇರ ದಾರಿಯಲ್ಲಿ ಸುಮ್ನೆ, ಏನೂ ಕಾರಣ ಇಲ್ಲದೆ "ಬಿಡು" ಅನ್ನುತ್ತೇನೆ. ಕಾಲು ತಕ್ಷಣ ಎದ್ದರೆ ಸರಿ. "ಯಾಕೆ ಮೇಷ್ಟ್ರೇ?" ಅಂತ ಬಂದರೆ ವೇಗ ಏರಿಸಲು ಬಿಡುವುದಿಲ್ಲ, ಎಷ್ಟೇ ಚೆನ್ನಾಗಿ ಓಡಿಸಲಿ. ಆಮೇಲಿನದ್ದೆಲ್ಲ ಮುಂದೆ ಒಂದು ಕಾರಿನಲ್ಲಿ ನಾನು, ಹಿಂದೆ ಅವರು, ಮಧ್ಯೆ ವಾಕಿಟಾಕಿ. ಕೂತು ಕಲಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನನಗಿಂತ ಅನುಭವ ಇರುವವರು ಇಡೀ ದಿನ ಕೂರುತ್ತಾರೆ, ಅವರ ಲೆಕ್ಕ ಅವರಿಗೆ. ನಾನು ಪಕ್ಕದಲ್ಲಿ ಕೂರದಿದ್ದರೆ ದುಡ್ಡು ಕೊಟ್ಟವರಿಗೆ ಮಾತ್ರ ಮೋಸ ಹೋದ ಹಾಗೆ ಅನ್ನಿಸುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು, ಇದು ಬೇರೆ ವಿಷಯವಾದರೂ. ಬ್ರೇಕ್ ಆಯಿಲ್ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕಮ್ಮಿ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮೂರು ಮಳೆಗಾಲ ಬಟ್ಟೆ ಒಣಗದ ಊರಿನಲ್ಲಿ ನಿಂತ ಕಾರನ್ನು ಹಾಗೇ ಟ್ರ್ಯಾಕಿಗೆ ತಂದು, ನಾಲ್ಕನೇ ಸುತ್ತಿಗೆ ಆಯಿಲ್ ಕುದ್ದು ಬ್ರೇಕ್ ಪೆಡಲು ನೆಲಕ್ಕೆ ಹೋದಾಗ ನನ್ನನ್ನು ನೋಡಬೇಡಿ. ಹೊರಡುವ ವಾರ ಆಯಿಲ್ ಬದಲಾಯಿಸಿ. ಮತ್ತೆ, ಕಲಿತದ್ದನ್ನು ಬಾಳೆಬರೆ ಘಾಟಿಯಲ್ಲಿ ತೋರಿಸಬೇಡಿ, ತಿರುವಿನಾಚೆ ಬಸ್ಸು ಬರುತ್ತಿರುತ್ತದೆ.

ತೋಟದವರು ಮೊನ್ನೆ ಸ್ಕೂಲಿನ ಹತ್ತಿರ ಬಂದಿದ್ದರು. ತೀರ್ಥಹಳ್ಳಿಯಿಂದ ಬರುವಾಗ ದಾರಿ ಖಾಲಿ ಸಿಕ್ಕಲ್ಲೆಲ್ಲ ಮಗನ ಕೈಲಿ "ಬಿಡು" ಅನ್ನಿಸಿಕೊಂಡು ಅಭ್ಯಾಸ ಮಾಡುತ್ತಾರಂತೆ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ. "ಎಂಥ ಆಟ ಮಾರಾಯ್ರೆ ಇದು, ಮಂಡಗದ್ದೆ ಬರೋದ್ರೊಳಗೆ ನಂಗೆ ತಲೆ ತಿರುಗಿ ವಾಂತಿ ಬಂತು" ಅಂತ ನನ್ನ ಮೇಲೇ ಸಿಟ್ಟು. ಮಗನಿಗೆ ಹನ್ನೊಂದು ವರ್ಷ, ಅಪ್ಪನನ್ನು ಏಕವಚನದಲ್ಲಿ ಕೂಗುವ ಅವಕಾಶ ಬಿಡುತ್ತಾನಾ? ಮಳೆ ಮುಗಿದ ಮೇಲೆ ಮತ್ತೆ ಕೊಯಮತ್ತೂರಿಗೆ ಬರುತ್ತಾರಂತೆ. ಹೊರಡುವಾಗ ಕಾರಿನ ಕಿಟಕಿ ಇಳಿಸಿ ಕೇಳಿದರು, "ಮೇಷ್ಟ್ರೇ, ಈ ಸಲ ನೀವು ಎಲ್ಲಿ ಕೂರ್ತೀರಿ?"