ಪದ ಪರಿಚಯ: ಏರಿಯಾ ಬಾಂಬಿಂಗ್ ಅಂದ್ರ ಏನು, ಊರಿನ ಮಂದಿಗಿ ಅದು ಏನ್ ಮಾಡ್ತದ

2025ರ ಮೇ ತಿಂಗಳಾಗ ದೇಶದ ತುಂಬ ಸಿವಿಲ್ ಡಿಫೆನ್ಸ್ ಮಾಕ್ ಡ್ರಿಲ್ ಅಂತ ಹೇಳಿದಾಗ ಕರ್ನಾಟಕದ ಲಿಸ್ಟ್‌ನಾಗ ನಮ್ಮ ಬಾಜೂಕಿನ ರಾಯಚೂರು ಹೆಸರೂ ಇತ್ತು, ಆವಾಗ ಕಲಬುರಗಿ, ಬೀದರ್ ಕಡಿ ಎಲ್ಲಿ ನೋಡಿದ್ರೂ ಸೈರನ್, ಬ್ಲ್ಯಾಕೌಟ್ ಇದೇ ಮಾತು. ಬೀದರ್ ಮಂದಿಗಿ ವಿಮಾನದ ಸಪ್ಪಳ ಹೊಸಾದಲ್ಲ, ಏರ್‌ಫೋರ್ಸ್ ಟ್ರೇನಿಂಗ್ ಸ್ಟೇಷನ್ ಅಲ್ಲೇ ಅದ, ಸೂರ್ಯಕಿರಣ್ ಟೀಮ್ ಹಾರೋದು ನೋಡ್ಲಿಕ್ಕ ಹುಡುಗ್ರು ಮಾಳಗಿ ಏರ್ತಾರ. ಆದ್ರ ಸೈರನ್ ಯಾಕ ಹೊಡಿತಾರ, ದೀಪ ಯಾಕ ಆರಿಸ್ತಾರ, ಇದರ ಹಿಂದಿನ ಅಂಜಿಕಿ ಎಂಥಾದ್ದು ಅಂತ ತಿಳಿಬೇಕಂದ್ರ ಏರಿಯಾ ಬಾಂಬಿಂಗ್ ಅನ್ನೋ ಪದ ಗೊತ್ತಿರಬೇಕು.

ಅರ್ಥ ಸೀದಾ ಅದ. ಒಂದು ಫ್ಯಾಕ್ಟರಿ, ಒಂದು ಬ್ರಿಡ್ಜ್, ಒಂದು ರೈಲ್ವೆ ಯಾರ್ಡ್ ಅಂತ ಗುರಿ ಇಡದೆ ಇಡೀ ಊರನ್ನೇ, ಇಲ್ಲಾಂದ್ರ ಊರಿನ ಒಂದು ದೊಡ್ಡ ಭಾಗಾನೇ ಗುರಿ ಅಂತ ಹಿಡಿದು ಮ್ಯಾಲಿಂದ ಬಾಂಬ್ ಸುರಿಯೋದು. ಟಿವಿಯವರು ಕಾರ್ಪೆಟ್ ಬಾಂಬಿಂಗ್ ಅಂತಾರಲ್ಲ, ಅದೂ ಹತ್ತಿರದ ಮಾತೇ. ಫ್ಯಾಕ್ಟರಿಗಿ ಇಟ್ಟ ಗುರಿ ತಪ್ಪಿ ಮನಿ ಮ್ಯಾಲ ಬಿದ್ರ ಅದು ಬ್ಯಾರೆ. ಇಲ್ಲಿ ಮನಿನೇ ಗುರಿ, ಅದರಾಗಿನ ಮಂದಿನೇ ಗುರಿ.

ಹಿಂಗ್ಯಾಕ ಮಾಡಿದ್ರು ಅಂದ್ರ ಎರಡನೇ ಮಹಾಯುದ್ಧದಾಗ ರಾತ್ರಿ ಹೊತ್ತು ಹಾರೋ ವಿಮಾನಗಳಿಗಿ ಗುರಿನೇ ಸಿಗ್ತಿರಲಿಲ್ಲ. 1941ರಾಗ ಬ್ರಿಟನ್‌ನವ್ರು ತಮ್ಮ ವಿಮಾನಗಳು ಬಾಂಬ್ ಹಾಕುವಾಗ ತಗದ ಫೋಟೋ ಚೆಕ್ ಮಾಡಿದ್ರು, ಬಟ್ ರಿಪೋರ್ಟ್ ಅಂತಾರ ಅದಕ್ಕ, ಗುರಿಗಿ ಹೊಡೆದು ಬಂದೀವಿ ಅಂತ ಹೇಳಿದ ವಿಮಾನಗಳಾಗ ಮೂರರಾಗ ಒಂದು ಮಾತ್ರ ಗುರಿಯಿಂದ 5 ಮೈಲಿ ಒಳಗ ಹೋಗಿತ್ತು. ಕಲಬುರಗಿ ಸ್ಟೇಷನ್‌ಗಿ ಹೊಡಿತೀವಿ ಅಂದವ್ರು ಊರ ದಾಟಿ ಹೊಲದಾಗ ಹೊಡೆದಂಗ. ಫ್ಯಾಕ್ಟರಿ ಸಿಗದಿದ್ರ ಫ್ಯಾಕ್ಟರಿಗಿ ಹೋಗೋ ಕೂಲಿಕಾರರ ಮನಿ ಹೊಡೀರಿ ಅನ್ನೋ ಲೆಕ್ಕಕ್ಕ ಬಂದ್ರು. 1942ರ ಫೆಬ್ರವರಿ 14ಕ್ಕ ಬ್ರಿಟಿಷ್ ಏರ್‌ಫೋರ್ಸ್‌ಗಿ ಆರ್ಡರ್ ಬಂತು, ಶತ್ರು ದೇಶದ ನಾಗರಿಕರ, ಅದರಾಗೂ ಕಾರ್ಮಿಕರ ಮನೋಬಲ ಮುರಿಯೋದೇ ಮುಖ್ಯ ಅಂತ. ಜರ್ಮನಿ ಏನೂ ಕಮ್ಮಿ ಇರಲಿಲ್ಲ, ಅವ್ರ ವಿಮಾನಗಳು 1937ರಾಗೇ ಸ್ಪೇನ್‌ನ ಗೆರ್ನಿಕಾ ಊರನ್ನ ಸುಟ್ಟಿದ್ವು, ಆಮ್ಯಾಲ ಲಂಡನ್ ಮ್ಯಾಲ 1940ರ ಸೆಪ್ಟೆಂಬರ್‌ನಿಂದ ಸಾಲಾಗಿ 57 ರಾತ್ರಿ ಬಾಂಬ್ ಹಾಕಿದ್ರು.

ಈಗ ಮಂದಿ ಮಾತಿಗಿ ಬರ್ತೀನಿ, ನನಗ ಹೇಳಬೇಕಾಗಿದ್ದೇ ಇದು, ಯಾಕಂದ್ರ ಬಾಂಬ್ ಅಂದ ಕೂಡ್ಲೆ ನಾವು ಬೆಂಕಿ ಮತ್ತ ಹೊಗಿ ಅಷ್ಟೇ ನೆನಸ್ತೀವಿ.

ಬಾಂಬ್ ಒಡೆದಾಗ ಗಾಳಿನೇ ಮೊದಲ ಹೊಡಿತದ. ಆ ಒತ್ತಡಕ್ಕ ಕಿವಿ ತಮಟಿ ಹರಿತಾವ, ಹೊರಗ ಒಂದು ಗಾಯ ಕಾಣದಿದ್ರೂ ಒಳಗ ಪುಪ್ಪುಸ ಹರಿದು ಮನುಷ್ಯ ಸಾಯ್ತಾನ. ಕಿಟಕಿ ಗಾಜು ಚೂರಾಗಿ ಹಾರಿ ಮಾರಿ, ಕಣ್ಣು ಕಡಿತದ, ಅದಕ್ಕೇ ಲಂಡನ್‌ನಾಗ ಕಿಟಕಿಗಿ ಅಡ್ಡಡ್ಡ ಪಟ್ಟಿ ಅಂಟಿಸ್ತಿದ್ರು. ಆಮ್ಯಾಲ ಗ್ವಾಡಿ ಬೀಳ್ತಾವ. ಇದರಾಗ ಒಂದು ಸಂಗತಿ ಭಾಳ ಸಂಕಟದ್ದು. ಲಂಡನ್‌ನಾಗ ಗ್ವಾಡಿ ಕೆಳಗ ತಾಸುಗಟ್ಟಲೆ ಕಾಲು ಸಿಕ್ಕವ್ರನ್ನ ಎಬ್ಬಿಸಿ ತಗಿತಿದ್ರು, ಅವ್ರು ಛಂದ ಮಾತಾಡ್ತಿದ್ರು, ನೀರು ಕೇಳ್ತಿದ್ರು, ಉಳದ್ರು ಅಂತ ಮನಿ ಮಂದಿ ಸಮಾಧಾನ ಆಗ್ತಿದ್ರು, ಕೆಲವು ದಿನದಾಗ ಉಚ್ಚಿ ನಿಂತು ಕಿಡ್ನಿ ಹೋಗಿ ಸಾಯ್ತಿದ್ರು. ಯಾಕ ಅಂತ 1941ರಾಗ ಬೈವಾಟರ್ಸ್ ಮತ್ತ ಬೀಲ್ ಅನ್ನೋ ಡಾಕ್ಟರ್‌ಗಳು ಬರೆದ್ರು: ಒತ್ತಿ ಜಜ್ಜಿದ ಸ್ನಾಯು ಸಾಯ್ತದ, ಭಾರ ಎತ್ತಿದ ಕೂಡ್ಲೆ ಅದರಾಗಿನ ವಿಷ ರಕ್ತಕ್ಕ ಸೇರಿ ಕಿಡ್ನಿಗಿ ಹೊಡಿತದ. ಕ್ರಷ್ ಸಿಂಡ್ರೋಮ್ ಅಂತ ಈಗ ಎಲ್ಲಾ ಡಾಕ್ಟರ್‌ಗೂ ಗೊತ್ತದ, ಭೂಕಂಪ ಆದಾಗ್ಲೂ ಇದನ್ನೇ ಮೊದಲ ನೋಡ್ತಾರ. 1993ರ ಕಿಲ್ಲಾರಿ ಭೂಕಂಪ ನೆನಪಿದ್ದ ಆಳಂದ, ಬಸವಕಲ್ಯಾಣದ ಹಿರ್ಯಾರಿಗಿ ಕಲ್ಲು ಮಣ್ಣಿನ ಗ್ವಾಡಿ ಬಿದ್ರ ಏನಾಗ್ತದ ಅಂತ ಬಿಡಿಸಿ ಹೇಳೋ ಜರೂರತ್ತಿಲ್ಲ.

ಬೆಂಕಿದು ಇನ್ನೂ ಭಯಾನಕ. 1943ರ ಜುಲೈ 27ರ ರಾತ್ರಿ ಜರ್ಮನಿಯ ಹ್ಯಾಂಬರ್ಗ್ ಊರಾಗ ಬ್ಯಾಸಗಿ ಒಣಾ ಹವಾ, ಬ್ರಿಟಿಷರ ಸಾವಿರಾರು ಸಣ್ಣ ಬೆಂಕಿ ಬಾಂಬ್ ಬಿದ್ದು ಅವೆಲ್ಲ ಕೂಡಿ ಒಂದೇ ಬೆಂಕಿ ಆಯ್ತು, ಬಿಸಿ ಗಾಳಿ ಮ್ಯಾಲ ಏರಿದಂಗ ಸುತ್ತಲಿನ ಗಾಳಿನೆಲ್ಲ ಎಳಕೊಂಡು ಬಿರುಗಾಳಿ ಎದ್ದು ಮಂದಿನ್ನ, ಗಿಡಗಳನ್ನ ಎಳೀತು, ರಸ್ತೆ ಡಾಂಬರ್ ಕರಗಿ ಓಡೋರ ಕಾಲು ಹೂತ್ವು. ಇದಕ್ಕೇ ಫೈರ್‌ಸ್ಟಾರ್ಮ್ ಅಂತಾರ. ನೆಲಮಾಳಗ್ಯಾಗ ಅಡಗಿದವ್ರಿಗಿ ಬೆಂಕಿ ಮುಟ್ಟದಿದ್ರೂ ಕಾರ್ಬನ್ ಮೊನಾಕ್ಸೈಡ್ ತುಂಬಿ ಕುಂತಲ್ಲೇ ಸತ್ರು. ಆ ವಾರದ ದಾಳಿಗಳಾಗ ಸುಮಾರು 37 ಸಾವಿರ ಮಂದಿ ಸತ್ತಾರ, ಲಕ್ಷಾಂತರ ಮಂದಿ ಊರು ಬಿಟ್ಟು ಹೋದ್ರು. 1945ರ ಮಾರ್ಚ್ 9-10ರ ಒಂದೇ ರಾತ್ರ್ಯಾಗ ಅಮೆರಿಕದ ದಾಳಿಗಿ ಟೋಕಿಯೊದಾಗ ಸುಮಾರು 1 ಲಕ್ಷ ಮಂದಿ ಸತ್ತು 10 ಲಕ್ಷ ಮಂದಿ ಮನಿ ಕಳಕೊಂಡ್ರು, ಕಟಗಿ ಮನಿಗಳ ಓಣಿ, ಜೋರು ಗಾಳಿ, ಜೆಲ್ಲಿಯಂಥ ಪೆಟ್ರೋಲ್ ತುಂಬಿದ ಬಾಂಬ್. ಅಣುಬಾಂಬ್ ಬೀಳೋಕಿಂತ ಐದು ತಿಂಗಳ ಮೊದಲಿನ ಮಾತು ಇದು. ಹಿರೋಶಿಮಾ ಹೆಸರು ಎಲ್ಲರಿಗೂ ಗೊತ್ತು, ಟೋಕಿಯೊದ ಈ ರಾತ್ರಿನೂ ನಮ್ಮ ಹುಡುಗರು ಓದಬೇಕು ಅಂತ ನನಗ ಅನಸ್ತದ.

ಸತ್ತವರ ಲೆಕ್ಕಕ್ಕ ನಿಂತ್ರ ಅರ್ಧಾನೇ ತಿಳಿತದ. ಊರು ಅಂದ್ರ ನೀರು, ಲೈಟು, ಮೋರಿ, ಬಝಾರ್, ಕಸ ಹೊಡಿಯೋರು ಎಲ್ಲಾ ಕೂಡಿದ್ದು. 1941ರ ಡಿಸೆಂಬರ್ 23ಕ್ಕ ಜಪಾನ್‌ನವ್ರು ಬರ್ಮಾದ (ಈಗಿನ ಮ್ಯಾನ್ಮಾರ್) ರಂಗೂನ್ ಮ್ಯಾಲ ಬಾಂಬ್ ಹಾಕಿದ್ರು. ಆ ಊರಾಗ ಆವಾಗ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ಭಾರತದವ್ರೇ, ತೆಲುಗು, ತಮಿಳು, ಒಡಿಯಾ ಕೂಲಿ ಮಂದಿ. ವಿಮಾನ ಬಂದಾವಂತ ರಸ್ತೆಕ್ಕ ನಿಂತು ಮ್ಯಾಲ ನೋಡ್ಕೋತ ನಿಂತವ್ರೇ ಭಾಳ ಮಂದಿ ಸತ್ತಾರ. ಉಳಿದವ್ರು ಗಂಟು ಕಟ್ಕೊಂಡು ನಡೆದ್ರು, ಬಂದರದಾಗ ಮಾಲ್ ಇಳಿಸೋರಿಲ್ಲ, ಬೀದಿ ಗುಡಿಸೋರಿಲ್ಲ, ಊರು ನಿಂತೇ ಬಿಡ್ತು. ಆಮ್ಯಾಲಿನ ತಿಂಗಳುಗಳಾಗ ಲಕ್ಷಗಟ್ಟಲೆ ಭಾರತೀಯರು ಬರ್ಮಾ ಬಿಟ್ಟು ಬಂದ್ರು, ಕಾಡು ಗುಡ್ಡದ ಹಾದ್ಯಾಗ ಹಸಿವು, ಕಾಲರಾ, ಮಲೇರಿಯಾದಿಂದ ಸತ್ತವ್ರು ಸಾವಿರಾರು. ಅವ್ರ್ಯಾರೂ ಬಾಂಬ್ ಬಿದ್ದು ಸತ್ತವರ ಲಿಸ್ಟ್‌ನಾಗ ಬರಲ್ಲ.

1991ರಾಗ ಇರಾಕ್‌ನಾಗ ಅಮೆರಿಕ ಮತ್ತ ಅದರ ಮಿತ್ರ ದೇಶದವ್ರು ಕರೆಂಟ್ ಪ್ಲಾಂಟ್‌ಗಳಿಗಿ ಬಾಂಬ್ ಹಾಕಿದ್ರು, ಅದು ಏರಿಯಾ ಬಾಂಬಿಂಗ್ ಅಲ್ಲ, ಗುರಿ ಇಟ್ಟೇ ಹೊಡೆದಿದ್ದು, ಆದ್ರೂ ಕರೆಂಟ್ ಇಲ್ಲಂದ್ರ ನೀರಿನ ಪಂಪ್ ಇಲ್ಲ, ಗಟಾರ್ ನೀರು ಶುದ್ಧ ಮಾಡೋದಿಲ್ಲ, ಮಕ್ಕಳಿಗಿ ವಾಂತಿ ಭೇದಿ ಹತ್ತಿತು. ಭೀಮಾ ನದಿಯಿಂದ ಪಂಪ್ ಆಗಿ ಬರೋ ನೀರಿಗಿ ಬ್ಯಾಸಗ್ಯಾಗ ಕಾಯೋ ಕಲಬುರಗಿ ಮಂದಿಗಿ ಇದು ಬ್ಯಾಗ ತಿಳಿತದ.

ಇಷ್ಟೆಲ್ಲ ಮಾಡಿ ಮಂದಿ ಮನೋಬಲ ಮುರೀತಾ ಅಂದ್ರ, ಇಲ್ಲ. ಯುದ್ಧ ಮುಗಿದ ಮ್ಯಾಲ ಅಮೆರಿಕದವ್ರೇ ಜರ್ಮನಿಯಾಗ ದೊಡ್ಡ ಸರ್ವೆ ಮಾಡಿದ್ರು: ಮಂದಿ ಅಂಜಿದ್ರು, ಕುಗ್ಗಿದ್ರು, ಯುದ್ಧ ಸಾಕಾಗಿತ್ತು, ಆದ್ರ ಕೆಲಸಕ್ಕ ಹೋಗೋದು ಬಿಡಲಿಲ್ಲ, ಮನಿ ಕಳಕೊಂಡವ್ರು ರೊಟ್ಟಿಗಿ, ಸೂರಿಗಿ ಅದೇ ಸರ್ಕಾರದ ಕೈ ನೋಡಬೇಕಾಗಿತ್ತು. ಜರ್ಮನಿಯ ಆಯುಧ ತಯಾರಿಕಿ 1944ರ ಮಧ್ಯದ ತನ ಏರ್ತಾನೇ ಇತ್ತು. ಲಂಡನ್ ಮಂದಿನೂ ಮುರೀಲಿಲ್ಲ. ತಮ್ಮ ಊರಿನ ಮಂದಿ ಮುರೀಲಿಲ್ಲ ಅಂತ ಕಣ್ಣಾರೆ ಕಂಡೂ ಬ್ರಿಟಿಷರು ಜರ್ಮನ್ ಮಂದಿ ಮುರೀತಾರ ಅಂತ ನಂಬಿದ್ದು ನನಗ ಇವತ್ತಿಗೂ ಸಿಟ್ಟು ತರಸ್ತದ, ಯಾಕಂದ್ರ ಆ ನಂಬಿಕಿಗಿ ಸುಟ್ಟು ಹೋದವ್ರಾಗ ಕೂಸುಗಳೂ ಇದ್ವು.

ಬಾಂಬ್ ಬಿದ್ದ ನೆಲಕ್ಕೂ ಬ್ಯಾಗ ಬಿಡುಗಡಿ ಇಲ್ಲ. ಒಡಿದೆ ಹೂತ ಬಾಂಬ್‌ಗಳು ಜರ್ಮನಿಯಾಗ ಈಗ್ಲೂ ಸಿಗ್ತಾವ, 2017ರಾಗ ಫ್ರಾಂಕ್‌ಫರ್ಟ್‌ನಾಗ ಬ್ರಿಟಿಷರ ಒಂದು ಬಾಂಬ್ ಸಿಕ್ಕಾಗ 60 ಸಾವಿರಕ್ಕೂ ಹೆಚ್ಚು ಮಂದಿನ್ನ ಮನಿ, ಆಸ್ಪತ್ರಿ ಬಿಡಿಸಿ ದೂರ ಕಳಸಿದ್ರು.

ಕಾನೂನಿನ ಮಾತು. ಯುದ್ಧದಾಗ ಮಂದಿನ್ನ ಕಾಪಾಡೋ ಜಿನೀವಾ ಒಪ್ಪಂದಗಳಿಗಿ 1977ರಾಗ ಸೇರಿಸಿದ ಮೊದಲನೇ ಹೆಚ್ಚುವರಿ ಪ್ರೊಟೊಕಾಲ್‌ನಾಗ 51ನೇ ವಿಧಿ ಅದ. ಒಂದು ಊರಾಗ ಬ್ಯಾರೆ ಬ್ಯಾರೆ ಕಡಿ ಇರೋ ಮಿಲಿಟರಿ ಗುರಿಗಳನ್ನ ಎಲ್ಲಾ ಕೂಡಿಸಿ ಒಂದೇ ಗುರಿ ಅಂತ ಹಿಡಿದು ಬಾಂಬ್ ಹಾಕೋದು ನಿಷಿದ್ಧ ಅಂತ ಅದು ಸಾಫ್ ಹೇಳ್ತದ, 54ನೇ ವಿಧಿ ಕುಡಿಯೋ ನೀರಿನ ವ್ಯವಸ್ಥಾ ಮುಟ್ಟಬ್ಯಾಡ್ರಿ ಅಂತದ. ಭಾರತ ಈ ಪ್ರೊಟೊಕಾಲ್ ಸೇರಿಲ್ಲ.

ಹಂಗಂತ ಸುದ್ದ್ಯಾಗ ಬರೋ ಎಲ್ಲಾ ಏರ್‌ಸ್ಟ್ರೈಕ್‌ಗೂ ಏರಿಯಾ ಬಾಂಬಿಂಗ್ ಅನ್ನಬಾರದು. ಒಂದು ಕಟ್ಟಡಕ್ಕ ಗುರಿ ಇಟ್ಟ ಮಿಸೈಲ್ ಅಕ್ಕಪಕ್ಕದ ಮನ್ಯಾಗಿನವ್ರನ್ನ ಕೊಂದ್ರ ಅದನ್ನ ಬ್ಯಾರೆ ಲೆಕ್ಕದಾಗ ಕೇಳ್ತಾರ: ಗುರಿ ಖರೇನೇ ಮಿಲಿಟರಿದು ಇತ್ತೋ, ಅದರಿಂದಾಗೋ ಲಾಭಕ್ಕಿಂತ ಮಂದಿಗಿ ಆಗೋ ನುಕ್ಸಾನ್ ಮಿತಿ ಮೀರ್ತದ ಅಂತ ಮೊದಲೇ ಗೊತ್ತಿತ್ತೋ, ಮಂದಿಗಿ ಹೊರಗ ಹೋಗ್ಲಿಕ್ಕ ಟೈಮ್ ಕೊಟ್ಟಿದ್ರೋ ಇಲ್ಲೋ. ಓಣಿಗೋಣಿನೇ ನೆಲಸಮ ಆಗಿದ್ದು ಕಂಡಾಗ ಮಾತ್ರ ಈ ಪದದ ಪ್ರಶ್ನಿ ಏಳ್ತದ, ಇಡೀ ಓಣಿನ್ನೇ ಒಂದು ಗುರಿ ಅಂತ ಹಿಡಿದಿದ್ರಾ ಅಂತ.